ಕಲಿಸುವವರು ಬೇಕಾಗಿದ್ದಾರೆ

ಹೇಳಬೇಕಾಗಿದ್ದ ಮಾತನ್ನು ಆಶಾರಾಣಿ ಇಂದಿರಾನಗರದ ಮೆಟ್ರೋ ಮೆಟ್ಟಿಲು ಹತ್ತುವಾಗಲೇ ಮನಸ್ಸಿನಲ್ಲಿ ಬರೆದು ಮುಗಿಸಿದ್ದಳು. ರೈಲು ಹಲಸೂರು ದಾಟುವಷ್ಟರಲ್ಲಿ ಅದನ್ನು ಹೊಡೆದುಹಾಕಿ ಮತ್ತೆ ಬರೆದಿದ್ದಳು. ಮಿಸ್, ಈ ಆ್ಯಪ್ ಕೆಲಸ ಮಾಡುವುದಿಲ್ಲ. ಅಷ್ಟೇ. ಆದರೆ ‘ಅಷ್ಟೇ’ ಎಂದು ನಿಲ್ಲಿಸಿದ ಕೂಡಲೇ ಅದರ ಹಿಂದೆ ಇನ್ನೊಂದು ವಾಕ್ಯ ಬಂದು ನಿಲ್ಲುತ್ತಿತ್ತು: ಹಾಗಾದರೆ ದುಡ್ಡು ಯಾಕೆ ತೆಗೆದುಕೊಂಡಿರಿ? ಎದುರು ಕೂತಿದ್ದ ಹೆಂಗಸು ತನ್ನನ್ನೇ ನೋಡುತ್ತಿದ್ದಾಳೆ ಅನ್ನಿಸಿತು. ತುಟಿ ಅಲ್ಲಾಡುತ್ತಿತ್ತೇನೋ ಎಂದು ದುಪಟ್ಟಾದ ಅಂಚನ್ನು ಬಾಯಿಗೆ ಅಡ್ಡ ಹಿಡಿದಳು. ಅವಳನ್ನು ಕಳಿಸಿದ್ದು ಈ ಮಾತು ಹೇಳುವುದಕ್ಕಲ್ಲ. ಬೆನ್ಸನ್ ಟೌನಿನಲ್ಲಿರುವ ಖುರ್ಷೀದ್ ಎಂಬ ನಿವೃತ್ತ ಶಿಕ್ಷಕಿಯ ಮನೆಗೆ ಹೋಗಿ, ಅವರು ಆ್ಯಪನ್ನು ಹೊಗಳುವ ಒಂದು ವಿಡಿಯೋ ಮಾಡಿಕೊಂಡು, ಮುಂದಿನ ಹಂತಕ್ಕೆ ಅವರಿಂದ ಹಣ ಕಟ್ಟಿಸಿಕೊಂಡು ಬರುವುದು ಇವತ್ತಿನ ಕೆಲಸ. ‘ಸುಮ್ನೆ ನಗ್ತಾ ಕೂತ್ಕೋ ಸಾಕು, ನಿನ್ ಮುಖ ನೋಡಿದ್ರೆ ಯಾರಿಗೂ ಡೌಟ್ ಬರಲ್ಲ’ ಎಂದು ಕಂಪನಿ ನಡೆಸುವ ಜಗನ್ ಹೇಳಿ ಕಳಿಸಿದ್ದ. ಅದು ಹೊಗಳಿಕೆಯೋ ಅಲ್ಲವೋ ಎಂದು ಅವಳು ಟ್ರಿನಿಟಿಯವರೆಗೂ ಯೋಚಿಸಿದಳು.

ಆ್ಯಪ್ ಇದ್ದದ್ದು ಕಿವಿ ಮಂದವಾದವರಿಗೆ. ಎದುರಿನವರು ಆಡಿದ ಮಾತು ಮೊಬೈಲಿನ ಪರದೆಯ ಮೇಲೆ ಕನ್ನಡ ಅಕ್ಷರವಾಗಿ ಮೂಡಬೇಕು. ಮೂಡುತ್ತಿತ್ತು, ಆಡಿದ ಮಾತಲ್ಲ, ಬೇರೇನೋ. ವಾರ್ತೆ ಓದುವವರ ಹಾಗೆ ಬಿಡಿಸಿ ಬಿಡಿಸಿ ಹೇಳಿದರೆ ಅಚ್ಚುಕಟ್ಟಾಗಿಯೇ ಬರೆಯುತ್ತಿತ್ತು. ಆದರೆ ಮನೆಯಲ್ಲಿ ಹಾಗೆ ಯಾರು ಮಾತಾಡುತ್ತಾರೆ? ಅಡುಗೆಮನೆಯಿಂದ ಕೂಗಿದ್ದು, ಜಗಳದಲ್ಲಿ ಅರ್ಧಕ್ಕೆ ನಿಂತದ್ದು, ತಮಿಳು ಉರ್ದು ಬೆರೆತದ್ದು, ಎಲ್ಲವೂ ಕಲಸಿದ ಅನ್ನದಂತಾಗುತ್ತಿತ್ತು. ಇನ್ನೂ ಪೂರ್ತಿಯಾಗದ ಇಂಥದನ್ನು ಬಳಸಿ ನೋಡಿ ತಪ್ಪು ಹೇಳಲು ಬರುವವರಿಂದಲೇ ಹಣ ಪಡೆಯುವುದು ಜಗನ್‌ನ ಯೋಚನೆ. ಅವನ ತಾತನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಎದ್ದ ಕಟ್ಟಡದ ಮೂರನೇ ಮಹಡಿಯಲ್ಲಿ ಅವರ ಆಫೀಸು. ‘ಬಿಟ್ಟಿ ಕೊಟ್ರೆ ಒಬ್ರೂ ಮುಟ್ಟಲ್ಲ ಗುರು. ದುಡ್ಡು ಕಟ್ಟಿದ್ರೆ ದಿನಾ ತೆಗ್ದು ನೋಡ್ತಾರೆ’ ಎಂದು ಅವನು ಅಂದಾಗ, ಪಕ್ಕದಲ್ಲಿ ಕೆಲಸ ಮಾಡುವ ನಿಖಿತಾ ಉಗುರು ನೋಡಿಕೊಳ್ಳುತ್ತಾ, ‘ಅಂದ್ರೆ ಊಟಕ್ಕೆ ಕರ್ದು, ಅವ್ರ ಕೈಲೇ ಅಡುಗೆ ಮಾಡ್ಸಿ, ಉಪ್ಪು ಸರಿಯಿದ್ಯಾ ಅಂತ ಅವ್ರನ್ನೇ ಕೇಳಿ, ಕೈ ತೊಳ್ಯೋ ಮುಂಚೆ ಬಿಲ್ ಕೊಡೋದು’ ಎಂದಿದ್ದಳು. ಜಗನ್ ಬೇಜಾರು ಮಾಡಿಕೊಳ್ಳಲಿಲ್ಲ. ‘ಮದ್ವೆ ಮನೇಲಿ ಮುಯ್ಯಿ ಮಾಡಿ ತಾನೇ ಊಟಕ್ಕೆ ಕೂರೋದು? ಸಾರು ಸರಿಯಿಲ್ಲ ಅಂತ ಯಾರಾದ್ರೂ ಕವರ್ ವಾಪಸ್ ಕೇಳ್ತಾರಾ ಮಗಾ?’ ಎಲ್ಲರೂ ನಕ್ಕರು. ಆಶಾರಾಣಿಯೂ ನಕ್ಕಳು. ನಕ್ಕ ಮೇಲೆ ತಾನೂ ಒಪ್ಪಿದ ಹಾಗಾಯಿತೇ ಎಂಬ ಅನುಮಾನ ಉಳಿಯಿತು. ಅದಕ್ಕಿಂತ ಹೆಚ್ಚಾಗಿ ಉಳಿದದ್ದು ಆಮೇಲೆ ನಡೆದದ್ದು. ಜಾಹೀರಾತಿಗೆ ಒಂದು ಸಾಲು ಬೇಕಾಗಿತ್ತು. ಯಾರಿಗೂ ಹೊಳೆಯಲಿಲ್ಲ. ಅವಳು ಬಾಯಿ ತೆರೆಯದೆ ಒಂದು ಚೀಟಿಯ ಮೇಲೆ ಬರೆದು ತಳ್ಳಿದಳು: ‘ಬಳಸುವವರಲ್ಲ, ಕಲಿಸುವವರು ಬೇಕಾಗಿದ್ದಾರೆ.’ ಜಗನ್ ಅದನ್ನು ಗಟ್ಟಿಯಾಗಿ ಓದಿ, ‘ಏನ್ ಬರ್ದಿದ್ಯಾ ಆಶಾ!’ ಎಂದ. ಆ ದಿನ ಮನೆಗೆ ಹೋಗುವಾಗ ಅವಳಿಗೆ ಕೃಷ್ಣರಾಜಪುರದ ಟ್ರಾಫಿಕ್ಕು ಕೂಡ ಚೆನ್ನಾಗಿ ಕಂಡಿತ್ತು.

ಪರದೆಯ ಮೇಲೆ ಮೂಡಿದ ಪ್ರತಿ ಸಾಲಿನ ಕೆಳಗೂ ಒಂದು ಹಸಿರು ಸರಿ, ಒಂದು ಕೆಂಪು ತಪ್ಪು. ಆಡಿದ ಮಾತು ಸರಿಯಾಗಿ ಬಂದಿದ್ದರೆ ಹಸಿರು ಒತ್ತಬೇಕು, ಇಲ್ಲವಾದರೆ ಕೆಂಪು. ಹಣ ಕಟ್ಟಿದವರೆಲ್ಲ ಹಸಿರನ್ನೇ ಒತ್ತುತ್ತಿದ್ದರು. ಅದರಲ್ಲೂ ಖುರ್ಷೀದ್ ಅವರದು ಪೂರ್ತಿ ಹಸಿರು, ಒಂದು ಕೆಂಪೂ ಇಲ್ಲ. ಜಗನ್ ಅವರನ್ನು ‘ನಮ್ ಸ್ಟಾರ್’ ಎಂದು ಕರೆಯುತ್ತಿದ್ದ. ಬಳಕೆದಾರರು ಒಪ್ಪಿ ಕಳಿಸಿದ ಧ್ವನಿಗಳನ್ನು ಕೇಳಿ, ಮೂಡಿದ ಅಕ್ಷರದೊಂದಿಗೆ ಹೋಲಿಸುವುದು ಆಶಾರಾಣಿಯ ಕೆಲಸವಾದ್ದರಿಂದ, ಮುಖ ನೋಡುವ ಮೊದಲೇ ಅವರ ಸ್ವರ ಅವಳಿಗೆ ಪರಿಚಯವಾಗಿತ್ತು. ಅವರು ಸಂಜೆ ಹೊತ್ತು ಮೊಬೈಲಿಗೆ ಪಾಠ ಹೇಳುತ್ತಿದ್ದರು. ಪದ ಪದ ಬಿಡಿಸಿ, ಒಂದೊಂದನ್ನು ಎರಡೆರಡು ಸಲ ಹೇಳಿ, ನಡುವೆ ‘ಬರೆದೆಯಾ?’ ಎಂದು ಕೇಳುತ್ತಿದ್ದರು. ಅದು ಸರಿಯಾಗಿ ಬಂದಾಗಲೂ ಹಸಿರು, ಸೊಸೆಯ ಮಾತು ಕಲಸಿಹೋದಾಗಲೂ ಹಸಿರು. ಆ ಪಾಠದಿಂದ ಆ್ಯಪ್ ಏನನ್ನೂ ಕಲಿಯುತ್ತಿರಲಿಲ್ಲ. ಕಲಿಯುವಂತೆ ಅದನ್ನು ಇನ್ನೂ ಮಾಡಿಯೇ ಇರಲಿಲ್ಲ. ಹಸಿರುಗಳು ಮಾತ್ರ ಒಟ್ಟಾಗಿ, ಹಣ ಹೂಡುವವರಿಗೆ ತೋರಿಸುವ ನಕ್ಷೆಯಲ್ಲಿ ಒಂದು ಗೆರೆಯಾಗಿ ಮೇಲೇರುತ್ತಿದ್ದವು. ಒಮ್ಮೆ ಮೀಟಿಂಗಿನಲ್ಲಿ ಅವಳು, ‘ಇವು ನಿಜವಾದ ಸರಿಗಳಲ್ಲ’ ಎಂದು ಹೇಳಲು ಹೊರಟಳು. ಬಾಯಿ ತೆರೆದಳು. ಸ್ವರ ಬಂತು ಅಂದುಕೊಂಡಳು. ಎದುರಿಗೇ ಕೂತಿದ್ದ ಜಗನ್, ‘ಆಶಾ, ಮ್ಯೂಟಲ್ಲಿದ್ಯಾ’ ಎಂದ. ನಗು. ಎರಡನೇ ಸಲ ಹೇಳಿದಾಗ, ‘ಟಿಕ್ ಹಾಕಿರೋದು ದುಡ್ಡು ಕೊಟ್ಟವ್ರು. ಅವ್ರಿಗೇ ಸರಿ ಅಂದ್ಮೇಲೆ ನಾವ್ಯಾರು ತಪ್ಪು ಅನ್ನೋಕೆ?’ ಎಂದ. ಅದಕ್ಕೆ ಉತ್ತರ ಅವಳಿಗೆ ಮನೆಗೆ ಹೋದ ಮೇಲೆ, ಡೈರಿಯಲ್ಲಿ, ಎರಡು ಪುಟದಷ್ಟು ಹೊಳೆದಿತ್ತು.

ಎಂ.ಜಿ. ರಸ್ತೆಯಲ್ಲಿ ಇಳಿದು ಆಟೋ ಹತ್ತಿದಳು. ಶಿವಾಜಿನಗರದ ಕಡೆಯ ಗದ್ದಲದೊಳಗೆ ಆಟೋ ನಿಂತು ನಿಂತು ಸಾಗುತ್ತಿರುವಾಗ ಅವ್ವ ಕಾಶಮ್ಮನ ಫೋನು ಬಂತು. ‘ಎಲ್ಲಿದ್ದೀ? ಉಂಡಿ ಇಲ್ಲೋ?’ ಉಂಡೆ ಎಂದಳು. ‘ಏನಂದಿ?’ ಉಂಡೆ ಅವ್ವಾ. ‘ಒಂದೀಟು ಗಟ್ಟಿಗೆ ಮಾತಾಡಬಾರದೇನ? ನೀ ಆಡಿದ್ದು ನಿನಗರ ಕೇಳಸ್ತೈತೋ ಇಲ್ಲೋ!’ ಕಾಶಮ್ಮನ ನಗು ಫೋನಿನಲ್ಲಿ ಒಡೆದು ಬಂತು. ಏಳನೇ ತರಗತಿಯಲ್ಲಿ ಪ್ರಾರ್ಥನೆಗೆ ನಿಂತಿದ್ದಾಗ ಕಣ್ಣು ಕತ್ತಲೆ ಬಂದದ್ದು ನೆನಪಾಯಿತು. ಪಕ್ಕದಲ್ಲೇ ಮಿಸ್ ನಿಂತಿದ್ದರು. ‘ಮಿಸ್, ತಲೆ ತಿರುಗ್ತಿದೆ’ ಎಂದು ಹೇಳಿದರೆ ಸಾಕಿತ್ತು. ಹೇಳಿದರೆ ಎಲ್ಲರೂ ತಿರುಗಿ ನೋಡುತ್ತಾರಲ್ಲ ಎಂದು ಸುಮ್ಮನಿದ್ದಳು; ಆಮೇಲೆ ಧೊಪ್ಪೆಂದು ಬಿದ್ದು, ಎಲ್ಲರೂ ತಿರುಗಿ ನೋಡಿದ್ದರು. ಬೀಳುವ ಮುಂಚೆ ಕಂಡದ್ದು ಮಿಸ್‌ನ ಚಪ್ಪಲಿಯ ಪಟ್ಟಿ, ಅದಕ್ಕೆ ಹಾಕಿದ್ದ ಹೊಲಿಗೆ. ಈಗಲೂ ಆ ಹೊಲಿಗೆ ಕಣ್ಣ ಮುಂದೆ ಬರುತ್ತದೆ. ಗಾಡಿ ನಿಂತಾಗ ಡ್ರೈವರು ‘ಇಳಿದುಕೊಳ್ಳಿ ಮಾ, ಬಂತು’ ಎಂದದ್ದು ಕೇಳಿಸದೆ ಕೂತೇ ಇದ್ದಳು.

ಗೇಟಿನ ಹತ್ತಿರವೇ ಸಾಮಿಯಾ ಕಾಯುತ್ತಿದ್ದಳು. ಖುರ್ಷೀದ್ ಅವರ ಸೊಸೆ. ಫೋನಿನಲ್ಲಿ ಮಾತಾಡಿ ವಿಳಾಸ ಕೊಟ್ಟವಳು ಅವಳೇ. ‘ಮೇಲೆ ಹೋಗೋ ಮುಂಚೆ ಒಂದ್ ನಿಮಿಷ, ಮೇಡಂ’ ಎಂದು ಕೈ ಹಿಡಿದು ಸಂಪಿಗೆ ಮರದ ಮಗ್ಗುಲಿಗೆ ಎಳೆದುಕೊಂಡಳು. ‘ನಾಳೆ ಬೆಳಿಗ್ಗೆ ಕಿವಿ ಡಾಕ್ಟರ್ ಹತ್ರ ಹೋಗೋದಿದೆ. ಮಷೀನ್ ಹಾಕಿಸ್ಬೇಕು. ಇನ್ನೂ ತಡ ಮಾಡಿದ್ರೆ ಮಷೀನ್ ಹಾಕಿದ್ರೂ ಶಬ್ದ ಕೇಳ್ಸುತ್ತೆ, ಮಾತು ಮಾತಾಗಿ ತಿಳಿಯಲ್ಲ ಅಂದಿದ್ದಾರೆ ಡಾಕ್ಟರು. ಅದಕ್ಕೇಂತ್ಲೇ ನಮ್ ಮನೆಯವ್ರು ದುಬೈಯಿಂದ ದುಡ್ಡು ಕಳ್ಸಿದ್ದಾರೆ. ಅಮ್ಮೀ ಅದನ್ನ ನಿಮ್ ಆ್ಯಪ್‌ಗೆ ಕಟ್ತೀನಿ ಅಂತಾರೆ. ಮಷೀನ್ ಯಾಕೆ, ಇದು ರೆಡಿ ಆಗ್ತಾ ಇದ್ಯಲ್ಲ ಅಂತಾರೆ.’ ಅವಳು ಸ್ವರ ತಗ್ಗಿಸಲಿಲ್ಲ. ಮೇಲಿದ್ದವರಿಗೆ ಕೇಳಿಸುವ ಭಯ ಆ ಮನೆಯಲ್ಲಿ ಇರಲಿಲ್ಲ. ‘ನಿಜ ಹೇಳಿ. ಇದು ರೆಡಿ ಆಗುತ್ತಾ?’

‘ಇನ್ನೂ... ಕೆಲಸ ನಡೀತಾ ಇದೆ’ ಎಂದಳು ಆಶಾರಾಣಿ.

‘ಅದನ್ನೇ ನಮ್ ರೋಡಿನ್ ಬಗ್ಗೇನೂ ಹೇಳ್ತಾರೆ’ ಎಂದಳು ಸಾಮಿಯಾ. ಆಶಾರಾಣಿಗೆ ನಗು ಬರಬೇಕಿತ್ತು. ‘ನಾನು ಹೇಳಿದ್ರೆ ಸೊಸೆ ಹೊಟ್ಟೆಕಿಚ್ಚು. ನೀವು ಕಂಪನಿಯವ್ರು. ನೀವು ಒಂದ್ಸಲ ಆಗಲ್ಲ ಅಂದ್ಬಿಡಿ ಅಕ್ಕಾ. ಆಮೇಲೆ ನಾನು ನೋಡ್ಕೋತೀನಿ.’ ಮೇಡಂ ಎಂದವಳು ಅಕ್ಕ ಎಂದದ್ದು ಆಶಾರಾಣಿಯ ಎದೆಗೆ ತಗುಲಿತು. ‘ಹೇಳ್ತೀನಿ’ ಎಂದಳು. ಈ ಸಲ ಸ್ವರ ಸರಿಯಾಗಿಯೇ ಬಂದಿತ್ತು.

ಮಹಡಿಯ ಕೋಣೆಯಲ್ಲಿ ಖುರ್ಷೀದ್ ಇಸ್ತ್ರಿ ಮಾಡಿದ ತಿಳಿನೀಲಿ ಸೀರೆ ಉಟ್ಟು, ಸೆರಗನ್ನು ತಲೆಯ ಮೇಲೆ ಎಳೆದು, ಕುರ್ಚಿಯ ಅಂಚಿಗೆ ಕೂತಿದ್ದರು. ಶಾಲೆಯ ಇನ್‌ಸ್ಪೆಕ್ಷನ್ ದಿನ ಹೀಗೇ ಕೂರುತ್ತಿದ್ದಿರಬೇಕು ಎಂದುಕೊಂಡಳು ಆಶಾರಾಣಿ. ಮೇಜಿನ ನಡುವೆ, ಪುಸ್ತಕದ ಆಸರೆಗೆ ಒರಗಿಸಿ ನಿಲ್ಲಿಸಿದ್ದ ಮೊಬೈಲು, ಮೂವರೂ ಅದಕ್ಕೆ ಮುಖ ಮಾಡಿ ಕೂರುವಂತೆ. ‘ಬಾ ಮಗಳೇ. ಇಷ್ಟು ಚಿಕ್ಕವಳಾ ನೀನು! ಕಂಪನಿ ಅಂದ ಕೂಡಲೇ ನಾನು ಕೋಟು ಹಾಕಿದವರು ಬರ್ತಾರೆ ಅಂದ್ಕೊಂಡಿದ್ದೆ.’ ಧ್ವನಿಮುದ್ರಿಕೆಯಲ್ಲಿ ಕೇಳಿದ್ದಕ್ಕಿಂತ ಸ್ವರ ಮುಪ್ಪಾಗಿತ್ತು. ಸಾಮಿಯಾ ಬಾಗಿಲಲ್ಲೇ ನಿಂತು, ‘ಅಮ್ಮೀ, ಇವ್ರಿಗೆ ಚಾದಲ್ಲಿ ಸಕ್ರೆ ಕಮ್ಮಿ ಹಾಕ್ಲಾ?’ ಎಂದಳು. ಪರದೆಯ ಮೇಲೆ ಅಕ್ಷರಗಳು ಓಡಿದವು, ಒಂದಕ್ಕೊಂದು ಸಂಬಂಧವಿಲ್ಲದ ಮೂರು ಪದ, ಕೊನೆಗೆ ಒಂದು ಊರಿನ ಹೆಸರು. ಖುರ್ಷೀದ್ ಅದನ್ನು ಕನ್ನಡಕದ ಕೆಳಗಿನಿಂದ ಓದಿದರು. ಆಮೇಲೆ ಕಣ್ಣೆತ್ತಿ ಸೊಸೆಯ ಬಾಯಿ ನೋಡಿದರು. ಸಾಮಿಯಾ ಇನ್ನೊಮ್ಮೆ, ಸ್ವರವಿಲ್ಲದೆ, ತುಟಿಯಲ್ಲಷ್ಟೇ ಹೇಳಿದಳು. ‘ಹೌ, ಕಮ್ಮಿ ಹಾಕು’ ಎಂದರು ಖುರ್ಷೀದ್. ಮತ್ತು ಬೆರಳು ಚಾಚಿ ಹಸಿರು ಒತ್ತಿದರು.

‘ಮಿಸ್, ಅದು ತಪ್ಪಾಗಿ ಬಂದಿತ್ತಲ್ಲಾ’ ಎಂದಳು ಆಶಾರಾಣಿ, ತುಟಿಯನ್ನು ಆದಷ್ಟು ತೆರೆದು.

‘ಬಂದಿರಬಹುದು. ಕಲಿಯೋ ಮಗು ಅಲ್ವಾ? ಮೊದಲನೇ ದಿನಾನೇ ಸ್ಲೇಟಿನ ತುಂಬ ತಪ್ಪು ಹಾಕಿಬಿಟ್ಟರೆ ನಾಳೆಯಿಂದ ಶಾಲೆಗೇ ಬರಲ್ಲ. ನಮ್ಮ ಗಲ್ಲಿ ಮಕ್ಕಳಿಗೆ ಕನ್ನಡ ಹೇಗೆ ಕಲಿಸಿದೆ ಅಂದ್ಕೊಂಡೆ? ಮನೇಲಿ ಉರ್ದು, ಬೀದೀಲಿ ತಮಿಳು. ಮೊದಲು ಸರಿ ಹಾಕ್ಬೇಕು, ಆಮೇಲೆ ಮೆಲ್ಲಗೆ ತಿದ್ದಬೇಕು.’ ಅವರು ಮೊಬೈಲಿನ ಅಂಚನ್ನು ಸೆರಗಿನಿಂದ ಒರೆಸಿದರು. ‘ನಿಮ್ಮವರು ಚೆನ್ನಾಗಿ ಬರೆದಿದ್ರು ನೋಡು. ಬಳಸುವವರಲ್ಲ, ಕಲಿಸುವವರು ಬೇಕಾಗಿದ್ದಾರೆ. ಯಾರು ಬರೆದದ್ದು ಅದು? ಓದಿದ ಕೂಡಲೇ ನನಗೇ ಕಾಗದ ಬಂದ ಹಾಗಾಯ್ತು. ರಿಟೈರ್ ಆದ ಮೇಲೆ ಯಾರೂ ನನ್ನನ್ನ ಬೇಕಾಗಿದ್ದೀರಿ ಅಂದಿರಲಿಲ್ಲ.’ ಆಶಾರಾಣಿಯ ಕಿವಿ ಬಿಸಿಯಾಯಿತು. ನಾನೇ ಎಂದು ಹೇಳಿಬಿಡುವ ಆಸೆ ಒಂದು ಕ್ಷಣ, ಈಗಲೂ, ನಾಚಿಕೆಯಿಲ್ಲದೆ ಎದ್ದಿತು. ‘ಆಫೀಸಲ್ಲಿ ಯಾರೋ’ ಎಂದಳು.

ವಿಡಿಯೋ ಮುಗಿಯಲು ಹೊತ್ತು ಹಿಡಿಯಲಿಲ್ಲ. ಅವರು ಹೇಳಬೇಕಾದ್ದನ್ನು ಮೊದಲೇ ತಯಾರಿ ಮಾಡಿಕೊಂಡಿದ್ದರು. ಎಲ್ಲೂ ತಡವರಿಸದೆ, ಬೆಳಕು ಬೀಳುತ್ತಿದ್ದ ಕಿಟಕಿಯ ಕಡೆ ಮುಖ ಮಾಡಿ, ತುಂಬಾ ಉಪಯೋಗವಾಗಿದೆ ಎಂದರು. ಹೇಳುವಾಗ ಅವರ ಮುಖದಲ್ಲಿದ್ದ ನಗುವನ್ನು ಆಶಾರಾಣಿ ಗುರುತಿಸಿದಳು. ಕೇಳಿಸದಿದ್ದಾಗ ಕೇಳಿಸಿದಂತೆ ನಗುವವರ ನಗು ಅದು. ಆಫೀಸಿನಲ್ಲಿ ತನ್ನ ಮುಖದ ಮೇಲೂ ಇರುತ್ತದೆ, ಶೌಚಾಲಯದ ಕನ್ನಡಿಯಲ್ಲಿ ನೋಡಿದ್ದಾಳೆ. ಸಾಮಿಯಾ ಚಹಾ ತಂದಿಟ್ಟು, ಆಶಾರಾಣಿಯನ್ನೊಮ್ಮೆ ನೇರ ನೋಡಿ, ಒಳಗೆ ಪಾತ್ರೆ ತೊಳೆಯಲು ಹೋದಳು. ನಲ್ಲಿಯ ಸದ್ದು ಶುರುವಾಯಿತು. ಈಗ ಹೇಳಬೇಕು. ಅವಳು ತನ್ನ ಮೊಬೈಲನ್ನು ಚೀಲದೊಳಗಿಟ್ಟಳು. ಮೆಟ್ರೋದಲ್ಲಿ ಬರೆದ ವಾಕ್ಯ ಎಲ್ಲಿ ಹೋಯಿತೆಂದು ಹುಡುಕಿದಳು. ಸಿಕ್ಕಿತು, ಆದರೆ ಡೈರಿಯ ಭಾಷೆಯಲ್ಲಿ, ಮಡಿಕೆ ಮುರಿಯದ ಹೊಸ ಬಟ್ಟೆಯ ಹಾಗೆ. ಹಾಗೆಯೇ ಹೇಳಿದಳು. ‘ಮಿಸ್, ಈ ಆ್ಯಪ್ ನಿಮಗೆ ಉಪಯೋಗವಾಗುವುದಿಲ್ಲ. ದಯವಿಟ್ಟು ನಾಳೆ ಹೋಗಿ ಕಿವಿಗೆ ಮಷೀನು ಹಾಕಿಸಿಕೊಳ್ಳಿ.’

ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿದವು. ಒಂದು ಕೊಂಬು ತಪ್ಪಲಿಲ್ಲ, ಒಂದು ಒತ್ತಕ್ಷರ ಜಾರಲಿಲ್ಲ. ಆಶಾರಾಣಿ ಉಸಿರು ಹಿಡಿದು ನೋಡಿದಳು. ಇಷ್ಟು ತಿಂಗಳಲ್ಲಿ ಒಂದು ಮನೆಯೊಳಗೆ ಒಬ್ಬರು ಇನ್ನೊಬ್ಬರಿಗೆ ನಿಜವಾಗಿ ಆಡಿದ ಮಾತು ಹೀಗೆ ಮೂಡಿದ್ದನ್ನು ಅವಳು ಕಂಡಿರಲಿಲ್ಲ. ಖುರ್ಷೀದ್ ಮುಂದೆ ಬಾಗಿ, ಕನ್ನಡಕ ಸರಿಮಾಡಿಕೊಂಡು, ಬೆರಳಿನಿಂದ ಒಂದೊಂದೇ ಪದ ತೋರಿಸುತ್ತಾ ಓದಿದರು. ಉಕ್ತಲೇಖನ ತಿದ್ದುವವರ ಹಾಗೆ. ಅವರ ಮುಖ ಬೆಳಗಿತು. ‘ಒಂದು ತಪ್ಪಿಲ್ಲ! ನೋಡಿದ್ಯಾ, ಒಂದೇ ಒಂದು ತಪ್ಪಿಲ್ಲ! ಎಷ್ಟು ಉದ್ದದ ವಾಕ್ಯ!’ ಎಂದು ಮಗುವಿನ ಕೆನ್ನೆ ತಟ್ಟುವಂತೆ ಹಸಿರನ್ನು ಒತ್ತಿದರು.

ಇವರಿಗೆ ಅರ್ಥವೇ ಆಗಲಿಲ್ಲ ಎಂಬ ಯೋಚನೆ ಬಂದಾಗ ಆಶಾರಾಣಿಯಲ್ಲಿ ಮೊದಲು ಎದ್ದದ್ದು ದುಃಖವಲ್ಲ, ನಿರಾಳ. ಹೇಳಿದ್ದಾಯಿತು, ತನ್ನ ಪಾಲಿನದು ಮುಗಿಯಿತು, ಇನ್ನು ಎದ್ದು ಹೋಗಬಹುದು. ಆ ನಿರಾಳಕ್ಕೆ ಹೇಸಿ ಅವಳು ಕುರ್ಚಿಯನ್ನು ಹತ್ತಿರ ಎಳೆದಳು, ಮೊಬೈಲನ್ನು ಮಗುಚಿ ಹಾಕಿದಳು, ಅವರ ಎರಡೂ ಕೈ ಹಿಡಿದುಕೊಂಡಳು. ‘ಮಿಸ್, ಅದು ಉಕ್ತಲೇಖನ ಅಲ್ಲ. ನಾನು ನಿಮಗೇ ಹೇಳಿದ್ದು. ಇದು ಕಲೀತಾ ಇಲ್ಲ ಮಿಸ್. ನೀವು ಸಂಜೆ ಹೊತ್ತು ಹೇಳ್ಕೊಡೋದು ಯಾವುದೂ ಅದರೊಳಗೆ ಹೋಗಲ್ಲ. ನನಗೊಬ್ಬಳಿಗೇ ಕೇಳ್ಸೋದು.’

ಖುರ್ಷೀದ್ ಅವಳ ತುಟಿಯನ್ನು ಬಹಳ ಹೊತ್ತು ನೋಡಿದರು. ಮಾತು ನಿಂತ ಮೇಲೂ. ಕೈ ಬಿಡಿಸಿಕೊಳ್ಳಲಿಲ್ಲ.

‘ಮೊದಲನೇ ಸಲಾನೇ ತಿಳೀತು ಮಗಳೇ. ಓದೋಕೆ ಬರುತ್ತಲ್ಲ ನನಗೆ.’

ನಲ್ಲಿಯ ಸದ್ದಿನ ನಡುವೆ ಒಂದು ಲೋಟ ಬಿತ್ತು. ಅವರು ತಿರುಗಲಿಲ್ಲ.

‘ಅದು ದಡ್ಡ ಅಂತ ನನಗೂ ಗೊತ್ತು’ ಎಂದರು. ‘ಸಾಮಿಯಾ ಒಂದು ಹೇಳಿದ್ರೆ ಅದು ಇನ್ನೊಂದು ಬರೆಯುತ್ತೆ. ಎಷ್ಟು ದಡ್ಡರನ್ನ ನೋಡಿಲ್ಲ ನಾನು. ಆದ್ರೆ ಈ ಮನೇಲಿ ಎಲ್ರೂ ನನ್ನ ಹತ್ರ ಕೂಗಿ ಮಾತಾಡ್ತಾರೆ. ಎರಡು ಪದ ಕೂಗಿ, ಮೂರನೇದಕ್ಕೆ ಬಿಡಿ ಅಮ್ಮೀ, ಏನಿಲ್ಲ ಅಂತಾರೆ. ಇದು ಮೇಜಿನ ಮೇಲೆ ಇದ್ದಾಗ ಬಿಡಿಸಿ ಬಿಡಿಸಿ ಹೇಳ್ತಾರೆ, ಸರಿ ಬಂತಾ ಅಂತ ನನ್ನನ್ನೇ ಕೇಳ್ತಾರೆ. ಮಷೀನ್ ಹಾಕಿದ ದಿನ ನಾನು ಕಿವುಡಿ. ಇದು ಇರೋವರೆಗೂ ನಾನು ಟೀಚರ್.’ ಆಮೇಲೆ, ತರಗತಿಯಲ್ಲಿ ಕಡೆಯ ಬೆಂಚಿನವರಿಗೆ ಹೇಳುವಷ್ಟು ಸ್ಪಷ್ಟವಾಗಿ, ‘ದುಡ್ಡು ಕೊಡೋದು ಅದಕ್ಕೆ’ ಎಂದರು.

ಡಾಕ್ಟರು ಹೇಳಿದ್ದನ್ನು ನೆನಪಿಸಬೇಕೆಂದು ಆಶಾರಾಣಿಗೆ ಅನ್ನಿಸಿತು. ತಡವಾದರೆ ಮಾತು ಮಾತಾಗಿ ತಿಳಿಯುವುದಿಲ್ಲ. ಇವರಿಗೆ ಗೊತ್ತಿಲ್ಲದ್ದೇನಲ್ಲ. ನಾಲಿಗೆಯ ಮೇಲೆ ಬಂದ ಮಾತು ಮತ್ತೆ ಡೈರಿಯ ಭಾಷೆಗೆ ತಿರುಗುತ್ತಿತ್ತು. ಆ ಹೊತ್ತಿಗೆ ಖುರ್ಷೀದ್ ಮೊಬೈಲನ್ನು ಎತ್ತಿ ಅವಳ ಕೈಗೆ ಕೊಟ್ಟಿದ್ದರು. ‘ಮುಂದಿನದಕ್ಕೂ ಕಟ್ಟಿಬಿಡು. ಆ ಪೇಜು ನನಗೆ ಸಿಗಲ್ಲ. ಅವಳು ಬರೋದ್ರೊಳಗೆ ಬೇಗ.’ ಅವಳ ಬೆರಳುಗಳು ಆ ದಾರಿಯನ್ನು ತಿಳಿದಿದ್ದವು. ಆ ಪುಟ ಎಲ್ಲಿದೆ, ಅದರಲ್ಲಿ ಯಾವ ಸಾಲು ಯಾಕಿದೆ ಎಂದು ತಿಳಿದ ಬೆರಳುಗಳು. ‘ಮುಂದಿನ ಹಂತ: ಜೀವಮಾನದ ಸದಸ್ಯತ್ವ’ ಎಂದು ಬಂತು. ಕೆಳಗೆ, ಬೆರಳಿಡಿ ಎಂದು ಬಂತು. ಖುರ್ಷೀದ್ ಹೆಬ್ಬೆರಳು ಚಾಚಿದರು. ಒಂದಿಡೀ ಗಲ್ಲಿಗೆ ಸಹಿ ಹಾಕುವುದು ಕಲಿಸಿದ ಕೈ. ಆಶಾರಾಣಿ ಮೊಬೈಲನ್ನು ತನ್ನ ಎದೆಯ ಕಡೆಗೆ ಸರಿಸಿಕೊಂಡು, ‘ನೆಟ್‌ವರ್ಕ್ ಇಲ್ಲ ಮಿಸ್’ ಎಂದಳು. ಇಷ್ಟು ದಿನದಲ್ಲಿ ಅವಳು ಮಾಡಿದ ಒಂದೇ ಪ್ರತಿಭಟನೆ ಅದು, ಮತ್ತು ಅದು ಸುಳ್ಳಾಗಿತ್ತು.

‘ಸುಳ್ಳು ಹೇಳುವಾಗ ತುಟಿ ಒಣಗುತ್ತೆ ಮಗಳೇ’ ಎಂದರು ಖುರ್ಷೀದ್, ಕೋಪವಿಲ್ಲದೆ. ಕೈ ಚಾಚಿಯೇ ಇತ್ತು. ಹೋಮ್‌ವರ್ಕಿನ ಪುಸ್ತಕ ಕೇಳುವವರಂತೆ, ಕೊಡುತ್ತಾಳೆಂದು ಗೊತ್ತಿರುವವರಂತೆ, ಸುಮ್ಮನೆ ಕಾದರು. ಕೊಡದಿರಲು ಎದ್ದು ನಿಲ್ಲಬೇಕಿತ್ತು, ಸಾಮಿಯಾಳನ್ನು ಕೂಗಬೇಕಿತ್ತು. ಕೂಗುವ ಸ್ವರ ಹೇಗಿರುತ್ತದೆಂದು ಅವಳು ಮನಸ್ಸಿನಲ್ಲೇ ಒಮ್ಮೆ ಕೂಗಿ ನೋಡಿಕೊಂಡಳು. ಅಷ್ಟರಲ್ಲಿ ತನ್ನ ಕೈ ಮುಂದೆ ಹೋಗಿರುವುದು ಕಂಡಿತು. ಖುರ್ಷೀದ್ ಹೆಬ್ಬೆರಳನ್ನು ಒತ್ತಿ ಹಿಡಿದರು.

ಮೊಬೈಲಿನ ಸ್ವರವನ್ನು ಪೂರ್ತಿ ಏರಿಸಿಟ್ಟಿದ್ದರು. ಹಣ ಸಂದಾಯವಾದ ಗಂಟೆಯ ಸದ್ದು ಕೋಣೆಯ ಮೂಲೆಮೂಲೆಗೂ ಬಡಿದು, ತೆರೆದ ಕಿಟಕಿಯಿಂದ ಬೀದಿಗೂ ಹೋಯಿತು. ಒಳಗೆ ನಲ್ಲಿ ನಿಂತಿತು. ಸಾಮಿಯಾ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು; ಅತ್ತೆಯನ್ನು ನೋಡಲಿಲ್ಲ, ಆಶಾರಾಣಿಯನ್ನೇ ನೋಡಿದಳು.

ಖುರ್ಷೀದ್ ಇನ್ನೂ ಹೆಬ್ಬೆರಳು ಎತ್ತಿರಲಿಲ್ಲ. ‘ಆಯ್ತಾ ಮಗಳೇ?’ ಎಂದು ಪಿಸುಗುಟ್ಟಿದರು, ಬಾಗಿಲಲ್ಲಿ ನಿಂತವಳಿಗೆ ಏನೂ ತಿಳಿದಿಲ್ಲವೆಂಬ ಭರವಸೆಯಲ್ಲಿ.

ಆಶಾರಾಣಿ ಹೌದೆಂದು ತಲೆಯಾಡಿಸಿದಳು.